ಅತ್ತಿಗೆಯ ಓಟು

ಮಾರ್ಚ್ ೪

ಮರಿ,

ಪತ್ರ ಲಾಂಡ್ರಿಯ ವಿಳಾಸಕ್ಕೆ ಬಂತಲ್ಲ ಎಂದು ಗಾಬರಿಯಾಗಬೇಡ. ನಾನು ಗಟ್ಟಿಮುಟ್ಟಾಗಿದ್ದೇನೆ. ಮನೆಗೆ ಬರೆದರೆ ಮಾವ ಒಡೆದು ಓದುತ್ತಾರೆ, ಫೋನ್ ಮಾಡಿದರೆ ನಡುಮನೆಯಲ್ಲಿ ಕೂತವರೆಲ್ಲ ಕೇಳುತ್ತಾರೆ. ಈ ವಿಷಯ ನಿನ್ನೊಬ್ಬಳ ಕೈಗೇ ಸೇರಬೇಕು.

ಏಪ್ರಿಲ್ ಇಪ್ಪತ್ತಾರಕ್ಕೆ ನಮ್ಮ ವಾರ್ಡಿನ ಚುನಾವಣೆ. ಆ ವಾರವೇ ಇಲ್ಲಿ ಸೇತುವೆಯ ನಡುಗಂಬಕ್ಕೆ ಕಾಂಕ್ರೀಟು ಸುರಿಯುತ್ತಾರೆ. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿರುವ ತನಕ ನನಗೆ ರಜೆ ಇಲ್ಲ. ಕೇಳಿ ನೋಡಿದೆ. ನಮ್ಮ ಎಂಜಿನಿಯರು ನಕ್ಕು, "ಒಂದು ಓಟಿಗೋಸ್ಕರ ಅಷ್ಟು ದೂರ ಹೋಗ್ತೀರಾ?" ಅಂದರು. ಒಂದು ನಟ್ಟು ಕಡಿಮೆಯಾದರೆ ಇಡೀ ಉಗ್ರಾಣ ತಲೆಕೆಳಗು ಮಾಡಿಸುವ ಮನುಷ್ಯ ಹೀಗೆ ಕೇಳುತ್ತಾರೆ.

ಆದರೆ ಒಂದು ದಾರಿ ಇದೆ. ದೂರದಲ್ಲಿ ಕೆಲಸ ಮಾಡುವವರು ತಮ್ಮ ಪರವಾಗಿ ಓಟು ಹಾಕಲು ಅದೇ ವಾರ್ಡಿನ ಇನ್ನೊಬ್ಬರನ್ನು ನೇಮಿಸಬಹುದಂತೆ. ಬದಲಿ ಮತದಾರ ಎನ್ನುತ್ತಾರೆ. ಅರ್ಜಿ ಇದರ ಜೊತೆಗಿದೆ. ಬದಲಿಯ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಒಪ್ಪಿಗೆ ಎಂದಿರುವ ಕಡೆ ಸಹಿ ಹಾಕಿ ವಾರ್ಡ್ ಕಚೇರಿಗೆ ಕೊಟ್ಟುಬಿಡು.

ನಿಮ್ಮಣ್ಣನನ್ನು ಬಿಟ್ಟು ನಿನ್ನನ್ನು ಯಾಕೆ ಎಂದು ಕೇಳುತ್ತೀ. ನಿಮ್ಮಣ್ಣ ಒಳ್ಳೆಯವರು, ಆದರೆ ಅವರ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಮಾವನ ಮುಂದೆ ಅವರ ಬೆನ್ನೂ ನಿಲ್ಲುವುದಿಲ್ಲ. ಮಾವ ಪ್ರತಿ ಸಲದಂತೆ ಈ ಸಲವೂ, ಮತ್ತೆ ಚುನಾವಣೆಗೆ ನಿಂತಿರುವ ಮರದ ಡಿಪೋದವರಿಗೆ ನಮ್ಮ ಮನೆಯ ನಾಲ್ಕು ಓಟನ್ನೂ ಮಾತು ಕೊಟ್ಟಿರುತ್ತಾರೆ. ನಾಲ್ಕರಲ್ಲಿ ಒಂದು ನನ್ನದು. ನಾನು ಯಾರಿಗೂ ಮಾತು ಕೊಟ್ಟಿಲ್ಲ.

ನನ್ನ ಓಟು ನರ್ಸಮ್ಮನಿಗೆ. ಗಲ್ಲಿಯೊಳಗೆ ಲಾರಿ ನಿಲ್ಲಿಸುವುದನ್ನು ತಡೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಿದವರು ಅವರೊಬ್ಬರೇ. ಅತ್ತೆಯನ್ನು ಕುರ್ಚಿಯಲ್ಲಿ ಹೊತ್ತು ಮುಖ್ಯರಸ್ತೆಗೆ ಓಡಿದ ದಿನ ನಾಡಿ ಹಿಡಿದುಕೊಂಡು ಪಕ್ಕದಲ್ಲಿ ಓಡಿದವರೂ ಅವರೊಬ್ಬರೇ. ನಿನಗೆ ಇದನ್ನು ನೆನಪಿಸಬೇಕಾಗಿಲ್ಲ.

ಅತ್ತಿಗೆ


ಮಾರ್ಚ್ ೧೪

ಅತ್ತಿಗೆ,

ಸಹಿ ಹಾಕಿ ಅರ್ಜಿಯನ್ನು ಕಚೇರಿಗೆ ಕೊಟ್ಟೆ. ಲಾಂಡ್ರಿಯ ಯಜಮಾನಿ ಸಾಕ್ಷಿ ಹಾಕಿದರು. ಏನು ಎತ್ತ ಕೇಳಲಿಲ್ಲ. ಆವಿಯಲ್ಲಿ ನಿಂತು ನಿಂತು ಅವರಿಗೆ ಕುತೂಹಲವೆಲ್ಲ ಬೆಂದುಹೋಗಿದೆ.

ಸಹಿ ಹಾಕಿದ ಮಾತ್ರಕ್ಕೆ ಮಾಡುತ್ತೇನೆ ಎಂದುಕೊಳ್ಳಬೇಡಿ. ನೀವು ಕೇಳಿದಿರಿ, ಇಲ್ಲ ಎನ್ನಲು ಬಾಯಿ ಬರಲಿಲ್ಲ, ಅಷ್ಟೇ. ನನಗೆ ಯಾರಿಗೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ ಎಂದು ನಿಮಗೆ ಗೊತ್ತು. ಅದಕ್ಕೇ ನನ್ನ ಹೆಸರು ಬರೆದಿರಿ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ.

ನಿಮ್ಮ ಊಹೆ ಸರಿ. ಹೋದ ವಾರ ಡಿಪೋದವರು ಮರದ ಲೆಕ್ಕ ನೋಡಲು ಬಂದಿದ್ದರು. ಅಪ್ಪ ಹಲಗೆಗೆ ರಂಧ ಹೊಡೆದು ನಯ ಮಾಡುವುದನ್ನು ನಿಲ್ಲಿಸದೆಯೇ, "ನಮ್ಮನೆ ನಾಲ್ಕು ನಿಮ್ಮದೇ" ಎಂದರು. ನಾನು ಟೀ ಕೊಡುತ್ತಿದ್ದೆ. ಟೀಯ ಜೊತೆಗೆ ನನ್ನನ್ನೂ ಕೊಟ್ಟ ಹಾಗಾಯಿತು. ಶಾಲೆಯ ಕುರ್ಚಿಗಳ ಕೆಲಸ ಈ ವರ್ಷವೂ ನಮಗೇ ಸಿಗುತ್ತದೆ ಎಂದು ಅವರು ಹೇಳಿ ಹೋದ ಮೇಲೆ ಅಪ್ಪ ತುಂಬ ಹೊತ್ತು ಸಿಳ್ಳೆ ಹಾಕುತ್ತಿದ್ದರು. ಅಮ್ಮ ಹೋದ ಮೇಲೆ ಅವರ ಸಿಳ್ಳೆ ಕೇಳಿದ್ದು ಅದೇ ಮೊದಲು. ಇದನ್ನೂ ನಿಮಗೆ ಹೇಳಬೇಕು ಅನಿಸಿತು.

ಮತಗಟ್ಟೆಗೆ ಕುರ್ಚಿಗಳು ಎಂದಿನಂತೆ ನಮ್ಮ ಮನೆಯಿಂದಲೇ ಹೋಗುತ್ತವೆ. ಅಪ್ಪ ಕೊನೆಯ ಕುರ್ಚಿಯನ್ನು ಬಾಗಿಲ ಬಳಿ ಹಾಕಿಕೊಂಡು ಸಂಜೆಯ ತನಕ ಕೂರುತ್ತಾರೆ. ಒಳಗೆ ಹೋಗುವವರ ಮುಖ ನೋಡಿಯೇ ಓಟು ಹೇಳುತ್ತೇನೆ ಎನ್ನುತ್ತಾರೆ. ಅವರೆದುರು ಎರಡು ಸಲ ಹಾದುಹೋಗಬೇಕಾದವಳು ನಾನು.

ಅಣ್ಣನಿಗೆ ಯಾವಾಗ ಹೇಳುತ್ತೀರಿ?

ಮರಿ


ಮಾರ್ಚ್ ೨೨

ಮರಿ,

ಅರ್ಜಿ ವಾಪಸು ಬಂತು. ವಾರ್ಡ್ ಕಚೇರಿಯ ಗುಮಾಸ್ತರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ: "ಪತಿ ಅದೇ ವಿಳಾಸದಲ್ಲಿ ವಾಸವಿದ್ದು, ಬೇರೊಬ್ಬರನ್ನು ನೇಮಿಸಲು ಕಾರಣವೇನು?"

ಅರ್ಜಿಯನ್ನು ಮೇಲಿನಿಂದ ಕೆಳಗಿನ ತನಕ ಓದಿದೆ. ಗಂಡ ಇದ್ದಾನೆಯೇ, ಇದ್ದರೆ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಕೇಳುವ ಕಾಲಮ್ಮು ಎಲ್ಲೂ ಇಲ್ಲ. ಅದನ್ನೇ ಅವರ ಪೆನ್ಸಿಲಿನ ಕೆಳಗೆ ಶಾಯಿಯಲ್ಲಿ ಬರೆದೆ: "ಕೇಳದ ಪ್ರಶ್ನೆಗೆ ಉತ್ತರ ಕೊಡಲು ಜಾಗ ಬಿಟ್ಟಿಲ್ಲ. ಇರುವ ಪ್ರಶ್ನೆಗಳಿಗೆಲ್ಲ ಉತ್ತರಿಸಿದ್ದೇನೆ." ಎಂಜಿನಿಯರರ ಸಹಿಯ ಪಕ್ಕದಲ್ಲಿ ಉಗ್ರಾಣದ ಮೊಹರನ್ನೂ ಒತ್ತಿ ಮತ್ತೆ ಕಳಿಸಿದೆ. ಮೊಹರು ಸಿಮೆಂಟಿನ ಚೀಲಗಳಿಗೆ ಒತ್ತುವಂಥದ್ದು. ಇರಲಿ, ದೊಡ್ಡದಾಗಿ ಕಾಣುತ್ತದೆ.

ಇಲ್ಲಿ ಒಬ್ಬ ತನ್ನ ಹೆಸರಿನಲ್ಲಿ ಸ್ಪ್ಯಾನರು ತೆಗೆದುಕೊಂಡು ಇನ್ನೊಬ್ಬನ ಕೈಗೆ ಕೊಟ್ಟರೂ ಅದು ಮೊದಲಿನವನ ಲೆಕ್ಕದಲ್ಲೇ ಇರುತ್ತದೆ. ಎರಡನೆಯವನು ಅದರಿಂದ ಕೆಲಸ ಮಾಡಬಹುದು, ತನ್ನದು ಎನ್ನುವಂತಿಲ್ಲ. ನಿನ್ನ ಕೈಗೆ ಕೊಡುತ್ತಿರುವ ಓಟೂ ಹಾಗೆಯೇ. ಅದು ನನ್ನದು. ನೀನು ಹೊತ್ತುಕೊಂಡು ಹೋಗಿ ಹೇಳಿದ ಜಾಗದಲ್ಲಿ ಇಟ್ಟು ಬಂದರೆ ಸಾಕು. ಇದರಲ್ಲಿ ಹೆದರುವಂಥದ್ದು ಏನಿದೆ? ಪರದೆಯ ಹಿಂದೆ ಮಾವ ಬರುವುದಿಲ್ಲ.

ಸಿಳ್ಳೆಯ ವಿಷಯ ಬರೆದದ್ದು ಯಾಕೆ? ನನ್ನ ಮನಸ್ಸು ಕರಗಲಿ ಎಂದೋ? ಕುರ್ಚಿ ಮಾಡಿ ಬದುಕುವವರು ಕುರ್ಚಿಯ ಆಸೆಗೆ ಬಿದ್ದರೆ ನನಗೆ ಅಯ್ಯೋ ಅನಿಸುವುದಿಲ್ಲ.

ನಿಮ್ಮಣ್ಣನಿಗೆ ಇವತ್ತೇ ಬರೆಯುತ್ತೇನೆ.

ಅತ್ತಿಗೆ


ಏಪ್ರಿಲ್ ೧

ಅತ್ತಿಗೆ,

ನೀವು ಅಣ್ಣನಿಗೆ ಬರೆದ ಪತ್ರ ಬರುವ ಮೊದಲೇ ಕಚೇರಿಯ ನೋಟಿಸು ನಿಮ್ಮ ಅರ್ಜಿಯ ಸಮೇತ ಮನೆಗೆ ಬಂತು. ನಿಮ್ಮ ಅರ್ಜಿ ಮಂಜೂರಾಗಿದೆ. ಬದಲಿ ಮತದಾರಳಾಗಿ ನನ್ನ ಹೆಸರು ಅಚ್ಚಾಗಿದೆ. ಅಪ್ಪ ಕನ್ನಡಕ ಹುಡುಕಿ, ಹಾಕಿಕೊಂಡು, ಗಟ್ಟಿಯಾಗಿ ಓದಿದರು.

ಮೊದಲು ನಕ್ಕರು. ಆಮೇಲೆ ಅಣ್ಣನನ್ನು ಕೇಳಿದರು, "ನಿನ್ನ ಹೆಂಡ್ತಿ ನಿನ್ನನ್ನ ಲೆಕ್ಕಕ್ಕೇ ಇಟ್ಟಿಲ್ವಲ್ಲೋ?" ಅಣ್ಣ ಗೋಂದಿನ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಅದನ್ನೇ ತೆಗೆಯುತ್ತ ಉಳಿದರು. ಅಪ್ಪ ಆಮೇಲೆ ನನ್ನ ಕಡೆ ತಿರುಗಿ, ಆ ಕಾಗದ ತನ್ನ ಹತ್ತಿರವೇ ಇರಲಿ, ಅವತ್ತು ತಾನೇ ಹೋಗಿ ಸೊಸೆಯ ಓಟು ಹಾಕಿ ಬರುತ್ತೇನೆ ಎಂದರು. ಹಾಗೆ ಆಗುವುದಿಲ್ಲ, ಹೆಸರಿದ್ದವರೇ ಹೋಗಬೇಕು ಎಂದು ಕಾಗದ ಈಸಿಕೊಂಡೆ. ಅಷ್ಟೇ ಹೇಳಿದ್ದು. ಆದರೆ ಅಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿಗೆ, ಬೈದಿದ್ದರೂ ಆಗುತ್ತಿತ್ತು.

ರಾತ್ರಿ ಊಟಕ್ಕೆ ಅಣ್ಣ ಬರಲಿಲ್ಲ. ಕರೆಯಲು ಹೋದಾಗ ವರ್ಕ್‌ಶಾಪಿನ ಕತ್ತಲಲ್ಲೇ ಕೂತು, "ನನ್ನ ಕೇಳಿದ್ರೆ ನಾನೂ ಹಾಕ್ತಿದ್ದೆ ಕಣೇ" ಎಂದರು. ಯಾರಿಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರಿಗೆ ನೀವು ಒಂದು ಒಳ್ಳೆಯ ಪತ್ರ ಬರೆಯಬೇಕು.

ಮೊನ್ನೆ ಡಿಪೋದವರು ಲಾಂಡ್ರಿಗೇ ಬಂದರು. ಕೋಟು ತಂದಿದ್ದರು. ಅದರ ಜೇಬುಗಳನ್ನು ಒಂದೊಂದಾಗಿ ಖಾಲಿ ಮಾಡುತ್ತ, "ನಿಮ್ಮ ಅತ್ತಿಗೆ ದೂರ ಇದಾರೆ, ಪಾಪ. ಅವರ ಓಟು ಹಾಳಾಗದ ಹಾಗೆ ನೋಡ್ಕೊಳಮ್ಮ" ಎಂದರು. ತುಂಬ ಮೆತ್ತಗೆ ಹೇಳಿದರು. ನಾನು ಕೋಟನ್ನು ಇಸ್ತ್ರಿ ಮಾಡಿಕೊಟ್ಟೆ. ಚೆನ್ನಾಗಿಯೇ ಮಾಡಿದೆ, ಕಾಲರಿನ ಒಳಗೂ ಮಾಡಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮರಿ


ಏಪ್ರಿಲ್ ೮

ಮರಿ,

ನಿನ್ನ ಪತ್ರವನ್ನು ಹುಡುಕಿ ಹುಡುಕಿ ಓದಿದೆ. ಅದರಲ್ಲಿ ನಿಮ್ಮಪ್ಪ ಇದ್ದಾರೆ, ಅಣ್ಣ ಇದ್ದಾರೆ, ಕೋಟು ಇದೆ, ಗೋಂದು ಇದೆ. ನೀನು ಓಟು ಹಾಕುತ್ತೀಯೋ ಇಲ್ಲವೋ ಎಂಬುದು ಮಾತ್ರ ಇಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಹಾವು ಮನೆಯಲ್ಲೇ ಉಳಿಯುತ್ತದೆ.

ನೇರವಾಗಿ ಬರೆಯುತ್ತೇನೆ. ಅತ್ತೆಗೆ ಎದೆನೋವು ಬಂದ ದಿನ ಆಂಬುಲೆನ್ಸು ಗಲ್ಲಿಯ ಬಾಯಲ್ಲಿ ನಿಂತುಬಿಟ್ಟಿತ್ತು, ಯಾಕೆಂದರೆ ಡಿಪೋದ ಲಾರಿ ಅಡ್ಡ ಇತ್ತು, ಚಾಲಕ ಎಲ್ಲಿಗೋ ಹೋಗಿದ್ದ. ಸ್ಟ್ರೆಚರು ಲಾರಿಯ ಪಕ್ಕ ತೂರಲಿಲ್ಲ. ನಿಮ್ಮಣ್ಣ ಕುರ್ಚಿಯ ಎರಡು ಪಕ್ಕಕ್ಕೂ ಉದ್ದ ಪಟ್ಟಿಗಳನ್ನು ಮೊಳೆ ಹೊಡೆದು ಕೂಡಿಸಿದರು. ಅತ್ತೆಯನ್ನು ಅದರಲ್ಲಿ ಕೂರಿಸಿ, ಗೋಡೆಗೂ ಲಾರಿಗೂ ನಡುವೆ ತಲೆಯ ಮೇಲೆ ಎತ್ತಿ ಸಾಗಿಸಿದೆವು. ಹಿಂದಿನ ಎಡಗಡೆಯ ಹಿಡಿ ನನ್ನ ಕೈಯಲ್ಲಿತ್ತು. ದಾರಿಯ ನಡುವೆ ಭಾರ ಬದಲಾದದ್ದು ನನ್ನ ಭುಜಕ್ಕೆ ತಿಳಿಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಆ ಲಾರಿಯ ಧಣಿಗೆ ನಿನ್ನ ಅಪ್ಪ ನಿನ್ನ ಓಟನ್ನು ಟೀಯ ಜೊತೆ ಕೊಡುತ್ತಾರೆ, ನೀನು ಅವನ ಕೋಟಿನ ಕಾಲರಿನ ಒಳಗೆ ಇಸ್ತ್ರಿ ಮಾಡುತ್ತೀ. ಅಮ್ಮನ ಮೇಲೆ ಒಂದಿಷ್ಟು ಮಮತೆ ಇದ್ದರೆ ನನ್ನದೊಂದೇ ಅಲ್ಲ, ನಿನ್ನ ಓಟೂ ನರ್ಸಮ್ಮನಿಗೇ ಬೀಳಬೇಕು. ಎರಡೂ. ಹಾಕಿದೆ ಎಂದು ನನಗೆ ಬರೆ.

ಅತ್ತಿಗೆ


ಏಪ್ರಿಲ್ ೧೫

ಅತ್ತಿಗೆ,

ನಿಮ್ಮ ಪತ್ರ ಬಂದು ಮೂರು ದಿನವಾಯಿತು. ಇಸ್ತ್ರಿ ಮೇಜಿನ ಕೆಳಗೆ ಇಟ್ಟುಕೊಂಡು ಕೆಲಸ ಮಾಡಿದೆ. ಇಷ್ಟು ದಿನ ನನಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ ಎಂದು ಬರೆದಿದ್ದೆನಲ್ಲ, ಇವತ್ತು ಬಂದಿದೆ. ಮೊದಲನೆಯದು ನಿಮಗೇ ಸಲ್ಲುತ್ತದೆ.

ಅಪ್ಪ ಹೇಳುತ್ತಾರೆ, ಎರಡೂ ಡಿಪೋದವರಿಗೆ. ನೀವು ಹೇಳುತ್ತೀರಿ, ಎರಡೂ ನರ್ಸಮ್ಮನಿಗೆ. ನನ್ನ ಕೈಯಲ್ಲಿ ಎರಡು ಓಟು ಇವೆ, ಒಂದೂ ನನ್ನದಲ್ಲ. ಅಪ್ಪನ ಹೆಗಲಿನಿಂದ ನಿಮ್ಮ ಹೆಗಲಿಗೆ ದಾಟಿಸಿದರೆ ನಾನು ಇಳಿದ ಹಾಗಾಯಿತೇ? ಸ್ಪ್ಯಾನರು ಇನ್ನೊಬ್ಬನ ಕೈಗೆ ಕೊಟ್ಟರೂ ನನ್ನದೇ ಎನ್ನುವವರು ನೀವು. ಹಾಗಿದ್ದರೆ ನನ್ನ ಸ್ಪ್ಯಾನರಿಗೆ ಯಾಕೆ ಕೈ ಹಾಕುತ್ತೀರಿ?

ಮಮತೆಯ ಮಾತು ಬರೆದಿರಿ. ನಿಮಗೆ ಅವರು ಅತ್ತೆ. ನನಗೆ ಅಮ್ಮ. ಕುರ್ಚಿಯ ಮುಂದಿನ ಹಿಡಿ ನನ್ನ ಕೈಯಲ್ಲಿತ್ತು, ನಾನು ಹಿಮ್ಮುಖವಾಗಿ ನಡೆಯುತ್ತಿದ್ದೆ. ನಿಮಗೆ ಭುಜಕ್ಕೆ ತಿಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಿಮಗೆ ಗೊತ್ತಿಲ್ಲದ್ದು ಒಂದಿದೆ. ಆ ಲಾರಿ ನಮ್ಮ ಮನೆಗೇ ಬಂದಿತ್ತು. ಮುಖ್ಯರಸ್ತೆಯಲ್ಲಿ ಇಳಿಸಿದರೆ ಹಲಗೆಗಳನ್ನು ಹೊತ್ತು ತರಬೇಕು, ಬೆನ್ನು ನೋವು, ಗಲ್ಲಿಯೊಳಗೇ ತಂದು ನಿಲ್ಲಿಸು ಎಂದು ಚಾಲಕನಿಗೆ ಹೇಳಿದವರು ಅಪ್ಪ. ಅವನು ಬೇಡ ಸ್ವಾಮಿ, ತಿರುಗಿಸಲು ಕಷ್ಟ ಎಂದ. ಅಪ್ಪ ಅವನನ್ನು ಊಟ ಮಾಡಿ ಬಾ ಎಂದು ಕಳಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನೀವು ಆಗ ಅಂಗಡಿಗೆ ಹೋಗಿದ್ದಿರಿ. ಆಂಬುಲೆನ್ಸಿನ ಹಾರ್ನ್ ಕೇಳಿಸಿದಾಗ ಅಪ್ಪ ಆ ಚಾಲಕನನ್ನು ಹುಡುಕಿಕೊಂಡು ಬರಿಗಾಲಲ್ಲಿ ಓಡಿದರು. ಅದಕ್ಕೇ ಅವರು ಕುರ್ಚಿ ಹೊರಲು ಇರಲಿಲ್ಲ. ಹೆಂಡತಿಯನ್ನು ಹೊರಲೂ ಬರಲಿಲ್ಲ ಎಂದು ನೀವು ಇವತ್ತಿಗೂ ಅವರ ಮೇಲೆ ಮುನಿದಿದ್ದೀರಿ.

ಡಿಪೋದವರ ತಪ್ಪು ಎಂದು ಅಪ್ಪ ಒಂದು ಸಲ ಒಪ್ಪಿಕೊಂಡರೆ, ಮುಂದೆ ಒಪ್ಪಿಕೊಳ್ಳಬೇಕಾದ ತಪ್ಪು ತನ್ನದೇ ಎಂದು ಅವರಿಗೆ ಗೊತ್ತು. ಅವರು ಡಿಪೋದವರಿಗೆ ಓಟು ಕೊಡುವುದು ಶಾಲೆಯ ಕುರ್ಚಿಗಳ ಆಸೆಗೆ ಅಲ್ಲ.

ಇದನ್ನು ನಿಮಗೆ ಹೇಳಬಾರದು ಎಂದುಕೊಂಡಿದ್ದೆ. ನೀವು ಹೇಳಿಸಿದಿರಿ.

ಓಟಿನ ದಿನ ನಾನು ಏನು ಮಾಡುತ್ತೇನೆ ಎಂದು ನಿಮಗೂ ಹೇಳುವುದಿಲ್ಲ, ಅಪ್ಪನಿಗೂ ಹೇಳುವುದಿಲ್ಲ.

ನಿಮ್ಮ ನಾದಿನಿ


ಏಪ್ರಿಲ್ ೨೧

ನಾದಿನಿಗೆ,

ಇಲ್ಲಿಂದ ದೋಣಿ ವಾರಕ್ಕೊಮ್ಮೆ ಮಾತ್ರ ಟಪಾಲು ಒಯ್ಯುತ್ತದೆ. ಈ ಪತ್ರ ಇಪ್ಪತ್ತಾರಕ್ಕೆ ಮೊದಲು ನಿನ್ನ ಕೈ ಸೇರುವುದು ಅನುಮಾನ. ಆದರೂ ಬರೆಯುತ್ತೇನೆ.

ಒಬ್ಬರ ಮೇಲೆ ಮಾತ್ರ ಸಿಟ್ಟಾಗುವುದು ಸುಲಭವಾಗಿತ್ತು. ನೀನು ಅದನ್ನು ಕಷ್ಟ ಮಾಡಿದೆ. ಮಾವನ ಮೇಲಿನ ಮುನಿಸನ್ನು ಎಲ್ಲಿ ಇಳಿಸಿಡಬೇಕೋ ತಿಳಿಯದೆ ಎರಡು ದಿನ ಬೋಲ್ಟುಗಳನ್ನು ಎಣಿಸಿದ್ದೇ ಎಣಿಸಿದ್ದು.

ಆದರೆ ನನ್ನ ಓಟನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಾವ ನಿಲ್ಲಿಸು ಎಂದರೆ ನಿಲ್ಲಿಸಬಹುದಾದ ಗಲ್ಲಿ ಅದಾಗಿರಬಾರದಿತ್ತು. ನಿಲ್ಲಿಸಬೇಡ ಎಂದು ಒಂದು ಫಲಕ ಹಾಕಿಸಿ ಎಂದು ನರ್ಸಮ್ಮ ವರ್ಷಗಟ್ಟಲೆ ಅಲೆದರು, ವಾರ್ಡಿನ ಸದಸ್ಯರಾದ ಡಿಪೋದವರು ವರ್ಷಗಟ್ಟಲೆ ಆಗಲಿ ಎಂದರು. ಆದ್ದರಿಂದ ನನ್ನದು ನರ್ಸಮ್ಮನಿಗೇ.

ನಿನ್ನದರ ಬಗ್ಗೆ ಬರೆದ ಎರಡು ಸಾಲನ್ನು ಹೊಡೆದುಹಾಕು. ಅದನ್ನು ಹೇಳಲು ನಾನು ಯಾರು?

ನಿಮ್ಮಣ್ಣನಿಗೆ ಬರೆದಿದ್ದೇನೆ. ಒಳ್ಳೆಯ ಪತ್ರವೋ ಅಲ್ಲವೋ, ಉದ್ದವಾಗಿದೆ.

ಅತ್ತಿಗೆ


ಮೇ ೩

ಅತ್ತಿಗೆ,

ನಿಮ್ಮ ಪತ್ರ ಓಟಿನ ಮರುದಿನ ಬಂತು. ಮೊದಲೇ ಬಂದಿದ್ದರೂ ನಾನು ಮಾಡಿದ್ದನ್ನೇ ಮಾಡುತ್ತಿದ್ದೆ.

ಬೆಳಿಗ್ಗೆ ಅಣ್ಣ ನನ್ನ ಜೊತೆ ಬಾಗಿಲ ತನಕ ಬಂದರು. ಅಪ್ಪ ಆಗಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೊದಲು ನನ್ನ ಓಟು ಹಾಕಿ ಬಂದೆ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತೆ. ಎರಡನೆಯ ಸಲ ಅಪ್ಪನೆದುರು ಹಾಯುವಾಗ ಸಾಲಿನವರೆಲ್ಲ ತಿರುಗಿ ನೋಡಿದರು. ಡಿಪೋದವರ ಕಡೆಯ ಏಜೆಂಟು, "ಒಂದೇ ಹುಡುಗಿಗೆ ಎರಡು ಓಟಾ? ಹಾಗಾದ್ರೆ ನಮಗೂ ಎರಡು ಊಟ ಹಾಕ್ಸಿ" ಎಂದ. ಜನ ನಕ್ಕರು. ಅಧಿಕಾರಿ ನಗಲಿಲ್ಲ. ನಿಮ್ಮ ಕಾಗದವನ್ನು ಸಿಮೆಂಟಿನ ಮೊಹರಿನ ಸಮೇತ ಓದಿದರು. ಅವರ ಪಟ್ಟಿಯ ಜೊತೆ ಹೋಲಿಸಿ ನೋಡುವ ತನಕ ಕೂತುಕೊಳ್ಳಿ ಎಂದು ಒಂದು ಕುರ್ಚಿ ತೋರಿಸಿದರು.

ಅದು ಆ ಕುರ್ಚಿ, ಅತ್ತಿಗೆ.

ಅಪ್ಪ ಪಟ್ಟಿಗಳನ್ನು ಕಿತ್ತು, ಮೊಳೆಯ ತೂತುಗಳಿಗೆ ಮರದ ಪುಡಿ ಗೋಂದಿನಲ್ಲಿ ಕಲಸಿ ತುಂಬಿ, ಉಜ್ಜಿ ಪಾಲಿಶ್ ಹೊಡೆದಿದ್ದಾರೆ. ತುಂಬಿದ ಕಡೆ ಪಾಲಿಶ್ ಹಿಡಿಯುವುದಿಲ್ಲ ಎಂದು ನಮ್ಮ ಮನೆಯವರಿಗೆಲ್ಲ ಗೊತ್ತು. ಎರಡು ಪಕ್ಕದಲ್ಲೂ ಬಿಳಿಚಿದ ಚುಕ್ಕೆಗಳ ಸಾಲು. ಮಾರಲು ಮನಸ್ಸಿಲ್ಲದೆ, ಮನೆಯೊಳಗೆ ಇಟ್ಟುಕೊಳ್ಳಲೂ ಆಗದೆ, ಬಾಡಿಗೆಯ ಕುರ್ಚಿಗಳ ನಡುವೆ ನೂಕಿಟ್ಟಿದ್ದರು ಅನಿಸುತ್ತದೆ. ಅವಸರದಲ್ಲಿ ಅದೂ ಬಂದುಬಿಟ್ಟಿದೆ.

ನಾನು ಕೂರಲಿಲ್ಲ. ಪಟ್ಟಿ ನೋಡಿ ಮುಗಿಯುವ ತನಕ ಅದರ ಬೆನ್ನು ಹಿಡಿದು ನಿಂತಿದ್ದೆ. ಆಮೇಲೆ ಪರದೆಯ ಹಿಂದೆ ಹೋಗಿ ನಿಮ್ಮ ಓಟನ್ನು ನೀವು ಹೇಳಿದ ಜಾಗದಲ್ಲಿ ಇಟ್ಟೆ. ನರ್ಸಮ್ಮನಿಗೆ. ಅದು ನಿಮ್ಮದು, ಅದಕ್ಕೆ ಲೆಕ್ಕ ಕೊಡುತ್ತಿದ್ದೇನೆ. ನನ್ನದನ್ನು ಯಾರಿಗೆ ಹಾಕಿದೆ ಎಂದು ಕೇಳಬೇಡಿ. ಕೇಳಿದರೂ ಹೇಳುವುದಿಲ್ಲ.

ಹೊರಡುವಾಗ ಆ ಕುರ್ಚಿಯನ್ನು ಎತ್ತಿಕೊಂಡೆ. ಸಂಜೆಯ ತನಕ ಬೇಕಲ್ಲ ಎಂದರು ಅಧಿಕಾರಿ. ಇದು ಬಾಡಿಗೆಗೆ ಅಲ್ಲ, ನಮ್ಮ ಮನೆಯದು ಎಂದೆ. ಬಾಗಿಲಲ್ಲಿ ಅಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. ಎಲ್ಲರೆದುರು ಕೇಳಬೇಕು ಎಂದು ಅಷ್ಟು ಹೊತ್ತಿನಿಂದ ಇಟ್ಟುಕೊಂಡಿದ್ದ ಪ್ರಶ್ನೆ ಬಾಯಿಂದ ಬಂದೇಬಿಟ್ಟಿತು: "ಎರಡೂ ಎಲ್ಲಿಗೆ ಹೋಯ್ತು?"

"ಅತ್ತಿಗೆದು ಅತ್ತಿಗೆ ಹೇಳ್ದಂಗೆ. ನಂದು ನಾನು ಹೇಳ್ದಂಗೆ" ಎಂದೆ.

ಕುರ್ಚಿ ಹೊತ್ತುಕೊಂಡು ಬೀದಿಯುದ್ದಕ್ಕೂ ಬಂದೆ. ಯಾರೂ ನಗಲಿಲ್ಲ. ಅಣ್ಣ ಹಿಂದಿನಿಂದ ಬಂದು ಒಂದು ಕಡೆ ಹಿಡಿದುಕೊಂಡರು. ಒಬ್ಬಳೇ ಹೊರಬಲ್ಲೆ ಎಂದೆ. ಗೊತ್ತು ಎಂದರು, ಬಿಡಲಿಲ್ಲ.

ಡಿಪೋದವರೇ ಗೆದ್ದರು. ನರ್ಸಮ್ಮನಿಗೆ ಹೋದ ಸಲಕ್ಕಿಂತ ಹೆಚ್ಚು ಬಿದ್ದಿದೆ, ಆದರೂ ಸಾಲಲಿಲ್ಲ. ನೀವು ಬೇಸರ ಮಾಡಿಕೊಳ್ಳುತ್ತೀರಿ ಎಂದು ಇದನ್ನು ಇಷ್ಟು ಕೆಳಗೆ ಬರೆದೆ. ನರ್ಸಮ್ಮ ಬೇಸರ ಮಾಡಿಕೊಂಡಿಲ್ಲ. ಫಲಕದ ಅರ್ಜಿ ಮತ್ತೆ ಬರೆಯುತ್ತಿದ್ದಾರೆ, ಈ ಸಲ ಅದರಲ್ಲಿ ನನ್ನ ಸಹಿಯೂ ಇದೆ.

ನಿನ್ನೆ ಲಾರಿ ಬಂತು. ಶಾಲೆಯ ಕುರ್ಚಿಗಳಿಗೆ ಮರ. ಗಲ್ಲಿಯ ಬಾಯಲ್ಲಿ, ಅದು ಒಳಗೆ ತಿರುಗುವ ಜಾಗದಲ್ಲಿ, ನಾನು ಅಮ್ಮನ ಕುರ್ಚಿ ಹಾಕಿಕೊಂಡು ಕೂತಿದ್ದೆ. ಲಾಂಡ್ರಿಗೆ ರಜೆ ಹೇಳಿದ್ದೆ. ಚಾಲಕ ಹಾರ್ನ್ ಹೊಡೆದ, ಇಳಿದು ಬಂದ, ಕುರ್ಚಿಯನ್ನು ಗುರುತು ಹಿಡಿದ. ಆವತ್ತಿನವನೇ. ಮತ್ತೆ ಹಾರ್ನ್ ಹೊಡೆಯಲಿಲ್ಲ.

ಅಪ್ಪ ಒಳಗಿನಿಂದ ಬಂದರು. ನಾನು ಏಳಲಿಲ್ಲ. ಅವರು ನನ್ನ ಹಿಂದೆ ತುಂಬ ಹೊತ್ತು ನಿಂತಿದ್ದರು, ಉಸಿರು ನನಗೆ ಕೇಳಿಸುತ್ತಿತ್ತು. ಆಮೇಲೆ ಚಾಲಕನಿಗೆ, "ರಸ್ತೆಲೇ ಇಳ್ಸಪ್ಪ" ಎಂದರು. ನನ್ನ ಪಕ್ಕದಿಂದ ಹಾದುಹೋಗಿ ಮೊದಲನೆಯ ಹಲಗೆಯನ್ನು ತಾವೇ ಹೆಗಲಿಗೆ ಹಾಕಿಕೊಂಡರು. ಬೆನ್ನು ನೋವಿನ ಮಾತು ಎತ್ತಲಿಲ್ಲ. ನನ್ನ ಜೊತೆ ಇನ್ನೂ ಮಾತಾಡಿಲ್ಲ. ಆಡುತ್ತಾರೆ.

ಸಂಜೆ ಕುರ್ಚಿಯನ್ನು ಒಳಗೆ ತರಲು ಹೋದೆ. ಅಲ್ಲೇ ಇರಲಿ ಎಂದು ಅಣ್ಣ ಕೈಸನ್ನೆಯಲ್ಲೇ ಹೇಳಿದರು.

ಸೇತುವೆ ಮುಗಿಸಿಕೊಂಡು ನೀವು ಬರುವಾಗಲೂ ಅದು ಅಲ್ಲೇ ಇರುತ್ತದೆ. ಎರಡು ಪಕ್ಕದಲ್ಲೂ ಅಳೆದು ಜಾಗ ಬಿಟ್ಟಿದ್ದೇನೆ. ಸ್ಟ್ರೆಚರು ಹೋಗುತ್ತದೆ. ಲಾರಿ ಹೋಗುವುದಿಲ್ಲ.

ನಿಮ್ಮ ನಾದಿನಿ